ಸುಖದ ವಿಚಾರಕ್ಕೊಂದು ಸಂಜೆ ತರಗತಿ: ಬದಿಯಡ್ಕ ಕಡೆಯ ವಾಚನಾಲಯವೊಂದರ ದರ್ಶನ ಪಾಠಗಳು

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಪೆರ್ಲಕ್ಕೆ ಹೋಗುವ ದಾರಿಯಲ್ಲಿ, ಮುಖ್ಯರಸ್ತೆಯಿಂದ ತುಸು ಒಳಗಿರುವ ಒಂದು ವಾಚನಾಲಯದಲ್ಲಿ ಈ ಮಳೆಗಾಲದ ಶನಿವಾರ ಸಂಜೆಗಳಂದು "ಸುಖ ಮತ್ತು ಒಳ್ಳೆಯ ಬದುಕು" ಎಂಬ ವಿಷಯದ ಮೇಲೆ ದರ್ಶನ ತರಗತಿಗಳು ನಡೆದವು. ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಕಲಿಸಿ ನಿವೃತ್ತರಾದ ಮಾಷ್ಟ್ರೊಬ್ಬರು ಪಾಠ ಮಾಡಿದರು. ಇಡೀ ಸರಣಿಗೆ ಶುಲ್ಕ 300 ರೂಪಾಯಿ. ಟಿಪ್ಪಣಿಯ ಜೆರಾಕ್ಸ್ ಪ್ರತಿಗಳೂ ಸಂಜೆಯ ಚಹಾವೂ ಅದರಲ್ಲೇ ಸೇರಿದ್ದವು. ದೀಪಾವಳಿಯ ನಂತರ ಇದೇ ಸರಣಿಯನ್ನು ಇನ್ನೊಮ್ಮೆ ನಡೆಸುವ ಯೋಚನೆ ವಾಚನಾಲಯದವರಿಗಿದೆ. ಸೇರಬಹುದೇ, ಉಪಯೋಗವುಂಟೇ ಎಂದು ಪರಿಚಯದವರು ಕೇಳುತ್ತಿರುವುದರಿಂದ, ಮೊದಲಿನಿಂದ ಕೊನೆಯವರೆಗೆ ಕುಳಿತು ಕೇಳಿದ ನಾನು ನನ್ನ ಅಭಿಪ್ರಾಯವನ್ನು ವಿವರವಾಗಿಯೇ ಬರೆಯುತ್ತಿದ್ದೇನೆ.

ಮೊದಲು ಸ್ವಲ್ಪ ಹಿನ್ನೆಲೆ. ತಿರುವಾಂಕೂರಿನಲ್ಲಿ 1945ರಲ್ಲಿ ಪಿ. ಎನ್. ಪಣಿಕ್ಕರ್ ಅವರ ಮುಂದಾಳತ್ವದಲ್ಲಿ ಸಂಘಟಿತವಾದ ಗ್ರಂಥಶಾಲಾ ಚಳವಳಿ ಮುಂದೆ ಇಡೀ ಕೇರಳಕ್ಕೆ ಹಬ್ಬಿತು. ಅಲ್ಲಿಯವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿದ್ದ ಕಾಸರಗೋಡು 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿದ ಮೇಲೆ ಅದರ ಪ್ರಯೋಜನ ನಮ್ಮ ಊರುಗಳಿಗೂ ಸಿಕ್ಕಿತು. ಆದರೆ ನಮ್ಮ ಕಡೆಯ ಬಹಳಷ್ಟು ವಾಚನಾಲಯಗಳಲ್ಲಿ ಕನ್ನಡದ ಪಾಲಿಗೆ ಉಳಿದಿರುವುದು ದಿನಪತ್ರಿಕೆ ಮತ್ತು ಹಳೆಯ ಕಾದಂಬರಿಗಳ ಕಪಾಟು. ಜನ ಸೇರುವುದು ಸರಕಾರಿ ಕೆಲಸದ ಪಿಎಸ್‌ಸಿ ಪರೀಕ್ಷೆಯ ತರಬೇತಿಗೆ. ಅಂಥಲ್ಲಿ ಒಂದು ತಾತ್ತ್ವಿಕ ಪ್ರಶ್ನೆಯನ್ನು ಕನ್ನಡದಲ್ಲೇ ಎತ್ತಿಕೊಂಡು, ವಾರವಾರವೂ ಬಿಡದೆ ಅದನ್ನೇ ಹಿಡಿದು ಚರ್ಚಿಸಿದ್ದು ಗಡಿನಾಡಿನ ಕನ್ನಡಿಗರಿಗೆ ಸಣ್ಣ ಸೌಲಭ್ಯವಲ್ಲ.

ಸುಖವನ್ನು ಕಲಿಸುತ್ತೇವೆ ಎಂದು ಹೇಳುವ ಶಿಬಿರಗಳು ಈಗ ಪೇಟೆಗಳಲ್ಲಿ ಸಾಕಷ್ಟಿವೆ. ಅಂಥದ್ದೊಂದಕ್ಕೆ ಹಿಂದೆ ನಾನೂ ಹೋಗಿದ್ದೆ. ಉಸಿರಾಟ, ನಗು, ಕೃತಜ್ಞತೆಯ ಪಟ್ಟಿ ಬರೆಯುವುದು, ಇವೆಲ್ಲ ಅಲ್ಲಿದ್ದವು. ಮನಸ್ಸು ಹಗುರವಾದದ್ದೂ ನಿಜ. ಆದರೆ ಹಗುರವಾದ ಆ ಮನಸ್ಸಿನಿಂದ ಏನು ಮಾಡಬೇಕು, ಯಾವುದಕ್ಕಾಗಿ ಬದುಕಬೇಕು ಎಂಬ ಮಾತು ಅಲ್ಲಿ ಬರಲೇ ಇಲ್ಲ. ಈ ವಾಚನಾಲಯದ ತರಗತಿಯ ದೊಡ್ಡ ಗುಣವೆಂದರೆ ಅದು ಯಾರಿಗೂ ಸುಖವನ್ನು ವಾಗ್ದಾನ ಮಾಡಲಿಲ್ಲ. ಮೊದಲ ಸಂಜೆಯೇ ಮಾಷ್ಟ್ರು ಹಲಗೆಯ ನಡುವೆ ಉದ್ದಕ್ಕೆ ಒಂದು ಗೆರೆ ಎಳೆದು, ಎಡಗಡೆ "ನನಗೆ ಈಗ ಹೇಗನಿಸುತ್ತಿದೆ?" ಎಂದೂ ಬಲಗಡೆ "ನನ್ನ ಬದುಕು ಒಟ್ಟಿನಲ್ಲಿ ಹೇಗಿದೆ?" ಎಂದೂ ಬರೆದರು. ಮುಂದೆ ಯಾವ ದಾರ್ಶನಿಕನ ಹೆಸರು ಬಂದರೂ, ಅವನ ಉತ್ತರ ಈ ಎರಡರಲ್ಲಿ ಯಾವ ಪ್ರಶ್ನೆಗೆ ಎಂಬುದನ್ನು ನಾವೇ ಹೇಳಬೇಕಿತ್ತು. ಮೊದಮೊದಲು ಇದು ತೀರಾ ಸರಳ ಎನಿಸಿತು. ಕ್ರಮೇಣ, ಸುಖದ ಬಗ್ಗೆ ನಾವು ಆಡುವ ಅರ್ಧಕ್ಕರ್ಧ ಜಗಳಗಳು ಒಬ್ಬರು ಎಡಗಡೆಯ ಪ್ರಶ್ನೆಗೆ, ಇನ್ನೊಬ್ಬರು ಬಲಗಡೆಯ ಪ್ರಶ್ನೆಗೆ ಉತ್ತರಿಸುತ್ತಿರುವುದರಿಂದ ಹುಟ್ಟುತ್ತವೆ ಎಂಬುದು ಮನವರಿಕೆಯಾಯಿತು.

ಉಪನಿಷತ್ತಿನ ಪಾಠ ಇಡೀ ಸರಣಿಯಲ್ಲಿ ಅತ್ಯಂತ ಎಚ್ಚರದಿಂದ ಸಿದ್ಧಪಡಿಸಿದ ಪಾಠಗಳಲ್ಲೊಂದಾಗಿತ್ತು. ಆನಂದದ ಬಗ್ಗೆ ಉಪನಿಷತ್ತು ಎಂದರೆ ಪ್ರಪಂಚವನ್ನು ಬಿಟ್ಟುಬಿಡುವ ಮಾತೇ ಇರುತ್ತದೆ ಎಂದು ನಮ್ಮಲ್ಲಿ ಹೆಚ್ಚಿನವರು ನಿರೀಕ್ಷಿಸಿದ್ದೆವು. ಮಾಷ್ಟ್ರು ತೆಗೆದುಕೊಂಡದ್ದು ತೈತ್ತಿರೀಯದ ಆನಂದಮೀಮಾಂಸೆಯನ್ನು. ಅಲ್ಲಿ ಆನಂದವನ್ನು ಅಳೆಯುವ ಮೊದಲ ಅಳತೆಗೋಲು ಒಬ್ಬ ಮನುಷ್ಯ: ಯುವಕ, ಸಜ್ಜನ, ಚೆನ್ನಾಗಿ ಓದಿದವನು, ದೃಢಕಾಯ, ಬಲಶಾಲಿ, ಸಂಪತ್ತಿನಿಂದ ತುಂಬಿದ ಈ ಭೂಮಿಯೆಲ್ಲ ಅವನದು. ಅವನ ಆನಂದ ಒಂದು ಮಾನುಷ ಆನಂದ. ಅದನ್ನು ನೂರರಿಂದ ಗುಣಿಸಿದರೆ ಮನುಷ್ಯಗಂಧರ್ವರ ಆನಂದ, ಅದರ ನೂರರಷ್ಟು ದೇವಗಂಧರ್ವರದು. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಪಿತೃಗಳು, ದೇವತೆಗಳು, ಇಂದ್ರ, ಬೃಹಸ್ಪತಿ, ಪ್ರಜಾಪತಿಯನ್ನು ದಾಟಿ ಬ್ರಹ್ಮದವರೆಗೆ ಲೆಕ್ಕ ಏರುತ್ತದೆ. ಎರಡನೆಯ ಮೆಟ್ಟಿಲಿನಿಂದ ಮುಂದೆ ಪ್ರತಿ ಸಲವೂ ಒಂದು ಮಾತು ಸೇರಿಕೊಳ್ಳುತ್ತದೆ: ವೇದ ಬಲ್ಲವನಾಗಿ ಕಾಮದ ಪೆಟ್ಟಿಗೆ ಸಿಕ್ಕದ ಶ್ರೋತ್ರಿಯನಿಗೂ ಇಷ್ಟೇ ಆನಂದ. ಮಾಷ್ಟ್ರು ಇಲ್ಲಿ ನಿಲ್ಲಿಸಿ, ಋಷಿ ಲೆಕ್ಕವನ್ನು ಎಲ್ಲಿಂದ ಆರಂಭಿಸಿದ ಎಂದು ನೋಡಿ ಎಂದರು. ಆರೋಗ್ಯ, ವಿದ್ಯೆ, ಸೌಜನ್ಯ, ಸಂಪತ್ತು, ಇವುಗಳನ್ನು ತಳ್ಳಿಹಾಕಿ ಅವನು ಆರಂಭಿಸಲಿಲ್ಲ. ಅವುಗಳನ್ನೇ ಮೊದಲ ಒಂದಾಗಿ ಇಟ್ಟುಕೊಂಡು ಆಮೇಲೆ ಏರಿದ. ಬಯಕೆ ನೀಗಿದವನು ಅದೇ ಎತ್ತರವನ್ನು ಬೇರೆ ದಾರಿಯಿಂದ ಮುಟ್ಟುತ್ತಾನೆ ಎನ್ನುವುದು ಎರಡನೆಯ ಮಾತು. ಈ ಎರಡು ಮಾತುಗಳ ನಡುವಿನ ಎಳೆದಾಟವೇ ಮುಂದಿನ ಎಲ್ಲ ಪಾಠಗಳಿಗೂ ಬೆನ್ನೆಲುಬಾಯಿತು.

ಗ್ರೀಕರಲ್ಲಿ ಮೊದಲ ಮಾತನ್ನು ಹಿಡಿದವನು ಅರಿಸ್ಟಾಟಲ್. ಸುಖವೆಂದರೆ ಒಂದು ಅನಿಸಿಕೆಯಲ್ಲ, ಮನುಷ್ಯನಿಗೆ ವಿಶಿಷ್ಟವಾದ ಶಕ್ತಿಗಳನ್ನು ಸದ್ಗುಣಕ್ಕೆ ತಕ್ಕಂತೆ ದುಡಿಸುತ್ತ ಬಾಳುವ ಚಟುವಟಿಕೆ, ಅದೂ ಒಂದು ಪೂರ್ಣ ಆಯುಸ್ಸಿನಲ್ಲಿ, ಎಂಬ ಅವನ ವಾದವನ್ನು ಮಾಷ್ಟ್ರು ಎರಡು ಸಂಜೆ ಬಿಡಿಸಿ ಹೇಳಿದರು. ಒಂದು ಹಕ್ಕಿ ಕಂಡ ಮಾತ್ರಕ್ಕೆ ವಸಂತ ಬಂದಂತಾಗದು, ಒಂದು ಒಳ್ಳೆಯ ದಿನದಿಂದ ಬದುಕು ಸುಖದ್ದಾಗದು ಎಂದು ಅವನು ಬರೆದದ್ದು ಇದಕ್ಕೇ. ಇಲ್ಲಿ ತರಗತಿ ಕೈಗೊಂಡ ಒಂದು ಪ್ರಯೋಗವನ್ನು ವಿಶೇಷವಾಗಿ ಮೆಚ್ಚಬೇಕು. ಊರಿನ ಇಬ್ಬರು ಹವ್ಯಾಸಿ ಅರ್ಥಧಾರಿಗಳನ್ನು ಕರೆಸಿ, ಯಕ್ಷಗಾನದ ಪ್ರಸಂಗವನ್ನು ವೇಷವಿಲ್ಲದೆ ಕುಳಿತು ಮಾತಿನಲ್ಲೇ ನಡೆಸುವ ತಾಳಮದ್ದಳೆಯ ಕ್ರಮದಲ್ಲಿ ಕರ್ಣಭೇದನದ ಸಂವಾದವನ್ನು ಮಾಡಿಸಿದರು. ನೀನು ಕುಂತಿಯ ಮಗ, ಪಾಂಡವರಲ್ಲಿ ಹಿರಿಯ, ಸಿಂಹಾಸನ ನಿನ್ನದು ಎಂದು ಕೃಷ್ಣ ಹೇಳುತ್ತಾನೆ. ಸಾಕಿದ ರಾಧೆಯ ಋಣ, ಅನ್ನವಿಟ್ಟ ಕೌರವನ ಋಣ ಎಂದು ಕರ್ಣ ನಿರಾಕರಿಸುತ್ತಾನೆ. ಪ್ರಸಂಗ ನಮ್ಮವರಿಗೆಲ್ಲ ಬಾಯಿಪಾಠ. ಆದರೆ ಅರ್ಥ ಮುಗಿದ ಕೂಡಲೇ ಮಾಷ್ಟ್ರು ಎದ್ದು, "ಒಪ್ಪಿಕೊಂಡಿದ್ದರೆ ಕರ್ಣ ಸುಖವಾಗಿರುತ್ತಿದ್ದನೇ?" ಎಂದು ಕೇಳಿದಾಗ ಸಭೆ ಎರಡಾಯಿತು. ಹಲಗೆಯ ಎಡಗಡೆಯಿಂದ ನೋಡಿದರೆ ರಾಜ್ಯ, ತಮ್ಮಂದಿರು, ಗೌರವ, ದೀರ್ಘಾಯುಸ್ಸು. ಬಲಗಡೆಯಿಂದ ನೋಡಿದರೆ, ತಾನು ಯಾರೆಂದು ಇಷ್ಟು ಕಾಲ ಬದುಕಿದನೋ ಆ ಬದುಕೇ ಕೈಬಿಟ್ಟುಹೋಗುತ್ತದೆ. ಹಿರಿಯ ಅಡಿಕೆ ಕೃಷಿಕರೊಬ್ಬರು ಮಾತ್ರ ಇನ್ನೊಂದು ಕಡೆಯಿಂದ ಹಿಡಿದರು: ಋಣ ತೀರಿಸುವುದು ಸದ್ಗುಣವೇ, ಆದರೆ ಅಧರ್ಮದ ಪಕ್ಷಕ್ಕೆ ತೀರಿಸಿದ ಋಣವನ್ನು ಒಳ್ಳೆಯ ಬದುಕು ಎನ್ನಲಾಗುತ್ತದೆಯೇ? ಸದ್ಗುಣಗಳು ಬಿಡಿಬಿಡಿಯಾಗಿ ನಿಲ್ಲುವುದಿಲ್ಲ, ವಿವೇಕವಿದ್ದಲ್ಲಿ ಮಾತ್ರ ಒಟ್ಟಾಗಿ ಇರುತ್ತವೆ ಎಂಬ ಅರಿಸ್ಟಾಟಲನ ಕಷ್ಟದ ಮಾತನ್ನು ಟಿಪ್ಪಣಿ ಓದಿದ್ದಕ್ಕಿಂತ ಚೆನ್ನಾಗಿ ಆ ಪ್ರಶ್ನೆಯಿಂದ ನಾವು ಅರ್ಥ ಮಾಡಿಕೊಂಡೆವು. ತರ್ಕಬದ್ಧವಾಗಿ ವಾದ ಕೇಳುವ ಕಿವಿ ಈ ನೆಲದವರಿಗೆ ತಾಳಮದ್ದಳೆಯಿಂದಲೇ ಬಂದಿದೆ. ದರ್ಶನ ಕಲಿಸುವವರು ಇದನ್ನು ಬಳಸಿಕೊಳ್ಳದಿದ್ದರೆ ಅದು ನಷ್ಟವೇ.

ಎಪಿಕ್ಯೂರಸನ ಪಾಠ ಹೆಚ್ಚಿನವರಿಗೆ ಅಚ್ಚರಿ ತಂದಿತು. ಭೋಗವಾದಿ ಎಂದು ಹೆಸರು ಕೆಡಿಸಿಕೊಂಡ ಈತ (ಕ್ರಿ.ಪೂ. 341–270) ಅಥೆನ್ಸಿನ ತನ್ನ ತೋಟದಲ್ಲಿ ಗೆಳೆಯರೊಂದಿಗೆ ರೊಟ್ಟಿ, ನೀರಿನಲ್ಲಿ ಬದುಕಿದವನು, ಹೆಂಗಸರನ್ನೂ ಗುಲಾಮರನ್ನೂ ಶಿಷ್ಯರಾಗಿ ಸೇರಿಸಿಕೊಂಡವನು. ಬಯಕೆಗಳನ್ನು ಅವನು ಮೂರಾಗಿ ವಿಂಗಡಿಸುತ್ತಾನೆ: ಸಹಜವೂ ಅಗತ್ಯವೂ ಆದವು, ಸಹಜವಾದರೂ ಅಗತ್ಯವಲ್ಲದವು, ಎರಡೂ ಅಲ್ಲದವು. ಹಸಿವು ಮೊದಲನೆಯದು, ಬಗೆಬಗೆಯ ಪಕ್ವಾನ್ನ ಎರಡನೆಯದು, ಕೀರ್ತಿ ಮತ್ತು ಅಧಿಕಾರ ಮೂರನೆಯವು. ಮೊದಲನೆಯದಕ್ಕೆ ಮಿತಿಯುಂಟು, ಆದ್ದರಿಂದ ತೃಪ್ತಿಯೂ ಉಂಟು. ಮೂರನೆಯದಕ್ಕೆ ಮಿತಿಯೇ ಇಲ್ಲ. ಇದರ ಜೊತೆಯಲ್ಲೇ ಹನ್ನೆರಡನೆಯ ಶತಮಾನದ ಆಯ್ದಕ್ಕಿ ಲಕ್ಕಮ್ಮನನ್ನು ತಂದದ್ದು ಮಾಷ್ಟ್ರ ಜಾಣ್ಮೆ. ದಿನಕ್ಕೆ ಬೇಕಾದುದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದ ಗಂಡ ಮಾರಯ್ಯನಿಗೆ, ಇಷ್ಟು ಅಕ್ಕಿಯ ಆಸೆ ನಿಮಗೇಕೆ, ತಂದಲ್ಲೇ ಸುರಿದು ಬನ್ನಿ ಎಂದ ಹೆಂಗಸು ಆಕೆ. ಎರಡೂ ಒಂದೇ ಮಾತಲ್ಲ ಎನ್ನುವುದನ್ನೂ ಅವರು ಮರೆಯಲಿಲ್ಲ. ಎಪಿಕ್ಯೂರಸ್ ಮಿತಿಯನ್ನು ಬಯಸುವುದು ತನ್ನ ನೆಮ್ಮದಿ ಕದಡದಿರಲೆಂದು. ಲಕ್ಕಮ್ಮ ಬಯಸುವುದು ಕಾಯಕದ ಶುದ್ಧಿ ಕೆಡದಿರಲೆಂದು, ದಾಸೋಹ ದುಡಿಮೆಯಿಂದಲೇ ನಡೆಯಲೆಂದು. ಮೊದಲನೆಯದು ಹಲಗೆಯ ಎಡಗಡೆಗೆ ಹತ್ತಿರ, ಎರಡನೆಯದು ಬಲಗಡೆಗೆ. ಇಂಥ ಹೋಲಿಕೆಗಳಲ್ಲಿ ವ್ಯತ್ಯಾಸವನ್ನು ಅಳಿಸದೆ ಉಳಿಸಿಕೊಳ್ಳುವ ಶಿಸ್ತು ಎಲ್ಲ ಉಪನ್ಯಾಸಕರಿಗೂ ಇರುವುದಿಲ್ಲ.

ಇಡೀ ಸರಣಿಯ ಬಗ್ಗೆ ನನ್ನ ಅಭಿಪ್ರಾಯವನ್ನು ಗಟ್ಟಿಮಾಡಿದ್ದು ಗ್ರೀಸ್, ರೋಮಿನ ಸ್ಟೋಯಿಕ್ ಪಂಥದ ದಾರ್ಶನಿಕರಾದ ಸ್ಟೋಯಿಕರ ಪಾಠ. ಗುಲಾಮನಾಗಿ ಹುಟ್ಟಿ, ಕುಂಟನಾಗಿ, ಮುಂದೆ ರೋಮಿನಿಂದ ಹೊರದೂಡಲ್ಪಟ್ಟು ಗ್ರೀಸಿನ ನಿಕೊಪೊಲಿಸಿನಲ್ಲಿ ಪಾಠಶಾಲೆ ನಡೆಸಿದ ಎಪಿಕ್ಟೀಟಸನ ಮಾತುಗಳನ್ನು ಶಿಷ್ಯ ಏರಿಯನ್ ಬರೆದಿಟ್ಟಿದ್ದಾನೆ. ಕೆಲವು ಸಂಗತಿಗಳು ನಮ್ಮ ಕೈಯಲ್ಲಿವೆ, ಕೆಲವು ಇಲ್ಲ ಎಂಬುದು ಅವನ ಕೈಪಿಡಿಯ ಮೊದಲ ವಾಕ್ಯ. ನಮ್ಮ ತೀರ್ಮಾನ, ಬಯಕೆ, ಪ್ರಯತ್ನ ನಮ್ಮವು. ದೇಹ, ಆಸ್ತಿ, ಹೆಸರು ನಮ್ಮವಲ್ಲ. ನಮ್ಮದಲ್ಲದ್ದರಲ್ಲಿ ಸುಖವನ್ನು ಇಟ್ಟವನು ಯಾವಾಗಲೂ ಇನ್ನೊಬ್ಬರ ಆಳು. ತರಗತಿಯಲ್ಲಿ ಇದನ್ನು ಕೇಳಿ ತಲೆದೂಗಿದವರೇ ಹೆಚ್ಚು. ಕೊಳೆರೋಗಕ್ಕೆ ಅಡಿಕೆ ಉದುರಿದ ವರ್ಷದಲ್ಲಿ ಈ ಮಾತು ಕೃಷಿಕನಿಗೆ ಎಷ್ಟು ಆಸರೆಯಾದೀತು ಎಂದು ಯಾರೂ ವಿವರಿಸಿ ಹೇಳಬೇಕಿಲ್ಲ. ಅನಂತರ ಮಾಷ್ಟ್ರು ಅದೇ ಕೈಪಿಡಿಯ ಇನ್ನೊಂದು ಭಾಗ ಓದಿದರು. ಮಗುವಿಗೆ ಮುತ್ತು ಕೊಡುವಾಗ, ಮರಣವುಳ್ಳ ಜೀವಕ್ಕೆ ಮುತ್ತು ಕೊಡುತ್ತಿದ್ದೇನೆ ಎಂದು ನಿನಗೆ ನೀನೇ ಹೇಳಿಕೋ, ಆಗ ಅದು ಸತ್ತರೆ ನೀನು ಕಂಗೆಡುವುದಿಲ್ಲ, ಎನ್ನುವ ಭಾಗ.

ಹಿಂದಿನ ಸಾಲಿನಲ್ಲಿ ಕೂರುತ್ತಿದ್ದ ಒಬ್ಬ ಹೆಂಗಸು ಆಗ ಎದ್ದು ನಿಂತರು. ಅವರ ಮನೆ ಎಣ್ಮಕಜೆ ಕಡೆ. ಹಾಸಿಗೆ ಬಿಟ್ಟು ಏಳಲಾಗದ, ಪ್ರಾಯಕ್ಕೆ ಬಂದ ಮಗಳನ್ನು ಅವರು ನೋಡಿಕೊಳ್ಳುತ್ತಿದ್ದಾರೆ ಎಂಬುದು ನಮಗೆ ತಿಳಿದಿತ್ತು. "ಮಾಷ್ಟ್ರೇ, ನನ್ನ ಮನಸ್ಸು ನನ್ನ ಕೈಯಲ್ಲೇ ಉಂಟು ಅಂತ ಇಟ್ಟುಕೊಳ್ಳುವ. ಇಷ್ಟು ವರ್ಷ ಹಾಗೆಯೇ ಇಟ್ಟುಕೊಂಡು ಬಂದೆ. ನಾನು ಹೋದ ಮೇಲೆ ಅವಳನ್ನು ನೋಡುವವರು ಯಾರು? ಅದು ಯಾರ ಕೈಯಲ್ಲಿ ಉಂಟು?" ಎಂದು ಕೇಳಿದರು. ಶೀಟಿನ ಮಾಡಿನ ಮೇಲೆ ಮಳೆ ಜೋರಾಗಿತ್ತು. ಆದರೂ ಪ್ರಶ್ನೆ ಎಲ್ಲರಿಗೂ ಕೇಳಿಸಿತು. ಮಾಷ್ಟ್ರು ಸಮಾಧಾನದ ಮಾತು ಹೇಳಲಿಲ್ಲ. "ಅಕ್ಕಾ, ಇದಕ್ಕೆ ಉತ್ತರ ಈ ಪುಸ್ತಕದಲ್ಲಿ ನನಗೆ ಸಿಕ್ಕಿಲ್ಲ. ಬರುವ ವಾರಕ್ಕೆ ಹುಡುಕಿಕೊಂಡು ಬರುತ್ತೇನೆ" ಎಂದರು. ಕಲಿಸುವವರ ಪ್ರಾಮಾಣಿಕತೆ ಎಂದರೆ ಏನೆಂದು ಕೇಳಿದರೆ ನಾನು ತೋರಿಸುವುದು ಆ ಉತ್ತರವನ್ನು.

ಈ ಜಿಲ್ಲೆಯ ಹೊರಗಿನ ಓದುಗರಿಗಾಗಿ ಒಂದು ಮಾತು ಸೇರಿಸಬೇಕು. 1970ರ ದಶಕದ ಕೊನೆಯಿಂದ 2000ದವರೆಗೆ ಇಲ್ಲಿನ ಗುಡ್ಡಗಳ ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ, ಮುಳಿಯಾರು ಮುಂತಾದ ಪಂಚಾಯತುಗಳಲ್ಲಿ ಜನ್ಮಜಾತ ನ್ಯೂನತೆ, ಬುದ್ಧಿಮಾಂದ್ಯ, ನರಸಂಬಂಧಿ ಕಾಯಿಲೆಗಳಿಂದ ಬಳಲುವ ಮಕ್ಕಳು ಮನೆಮನೆಗಳಲ್ಲಿ ಕಾಣತೊಡಗಿದರು. 2011ರಲ್ಲಿ ಸುಪ್ರೀಂ ಕೋರ್ಟ್ ದೇಶದಲ್ಲಿ ಈ ಕೀಟನಾಶಕದ ತಯಾರಿಕೆ, ಮಾರಾಟ, ಬಳಕೆಯನ್ನು ತಡೆಹಿಡಿಯಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಪರಿಹಾರ ನೀಡುವಂತೆ ರಾಜ್ಯ ಸರಕಾರಕ್ಕೆ ಆದೇಶಿಸಿತು. ಆ ಮಕ್ಕಳು ಈಗ ದೊಡ್ಡವರಾಗಿದ್ದಾರೆ, ತಾಯಂದಿರು ಮುದುಕಿಯರಾಗುತ್ತಿದ್ದಾರೆ. ಸುಖದ ಬಗ್ಗೆ ಯಾವ ದರ್ಶನವನ್ನು ಇಲ್ಲಿ ಕಲಿಸಿದರೂ ಅದು ಈ ತಾಯಂದಿರ ಎದುರು ನಿಂತು ಮಾತಾಡಬಲ್ಲುದೇ ಎಂದು ಕೇಳುವುದು ನ್ಯಾಯ ಎಂದು ನಾನು ನಂಬಿದ್ದೇನೆ. ದುಃಖ ಒಬ್ಬರ ಮನಸ್ಸಿನೊಳಗೆ ಹುಟ್ಟಿದ್ದಾದರೆ ಮನಸ್ಸನ್ನು ತಿದ್ದುವ ಪಾಠ ಸಾಕಾದೀತು. ಮೇಲಿನಿಂದ ಸುರಿದ ವಿಷದಿಂದ ಬಂದ ದುಃಖಕ್ಕೆ ಅದೊಂದೇ ಪಾಠವನ್ನು ಹೇಳಿದರೆ, ಹೊಣೆ ಹೊರಬೇಕಾದವರೆಲ್ಲ ಹೊಣೆಯಿಂದ ಪಾರಾಗುತ್ತಾರೆ.

ಮುಂದಿನ ವಾರ ಮಾಷ್ಟ್ರು ನಿಜವಾಗಿಯೂ ಹುಡುಕಿಕೊಂಡು ಬಂದಿದ್ದರು. ಮೊದಲು ಅರಿಸ್ಟಾಟಲನಿಗೆ ಮರಳಿ, ಟ್ರಾಯ್ ನಗರದ ಮುದಿ ಅರಸ ಪ್ರಿಯಾಮನ ಉದಾಹರಣೆಯನ್ನು ಎತ್ತಿಕೊಂಡರು. ಮಕ್ಕಳನ್ನೂ ರಾಜ್ಯವನ್ನೂ ಮುಪ್ಪಿನಲ್ಲಿ ಕಳೆದುಕೊಂಡ ಪ್ರಿಯಾಮನನ್ನು ಸುಖಿ ಎಂದು ಯಾರೂ ಹೇಳಲಾರರು ಎಂದು ಅರಿಸ್ಟಾಟಲ್ ನೇರವಾಗಿ ಬರೆಯುತ್ತಾನೆ. ಸದ್ಗುಣವೊಂದೇ ಸಾಲದು, ಆರೋಗ್ಯ, ಮಕ್ಕಳು, ಸ್ನೇಹಿತರು, ಒಂದಿಷ್ಟು ಅನುಕೂಲ ಬೇಕು. ಆದರೂ ದೊಡ್ಡ ಮನಸ್ಸಿನಿಂದ ಕಷ್ಟವನ್ನು ಹೊತ್ತವನಲ್ಲಿ ಆ ಸದ್ಗುಣ ಹೊಳೆಯುತ್ತದೆ, ಅವನು ಹೀನನಾಗಲಾರ ಎಂದೂ ಅವನೇ ಸೇರಿಸುತ್ತಾನೆ. ಕಷ್ಟದಲ್ಲಿರುವವರಿಗೆ, ನಿಮ್ಮ ದುಃಖ ನಿಮ್ಮ ತಪ್ಪು ಗ್ರಹಿಕೆಯಲ್ಲ, ಅದು ನಿಜವಾದ ನಷ್ಟ ಎಂದು ಒಪ್ಪಿಕೊಳ್ಳುವ ಈ ಮಾತಿನಲ್ಲಿ ಸ್ಟೋಯಿಕರಿಗಿಂತ ಹೆಚ್ಚಿನ ಗೌರವವಿದೆ ಎಂದು ನನಗೆ ಅನಿಸಿತು.

ಆಮೇಲೆ ಅವರು ತೆಗೆದದ್ದು ಎಪಿಕ್ಯೂರಸ್ ಸಾಯುವ ಸಮಯದಲ್ಲಿ ಬರೆದ ಒಂದು ಚಿಕ್ಕ ಪತ್ರ. ಮೂತ್ರ ಕಟ್ಟಿ, ಹೊಟ್ಟೆಯ ಬೇನೆ ತಡೆಯಲಾಗದೆ ಇದ್ದರೂ, ನಾವು ಕೂಡಿ ಆಡಿದ ಮಾತುಗಳ ನೆನಪಿನ ಸಂತೋಷ ಈ ನೋವಿಗೆ ಎದುರಾಗಿ ನಿಂತಿದೆ ಎಂದು ಅವನು ಗೆಳೆಯನಿಗೆ ಬರೆಯುತ್ತಾನೆ. ಸುಖವನ್ನು ಅನಿಸಿಕೆಯಲ್ಲೇ ಇಟ್ಟವನು ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಪತ್ರದ ಕೊನೆಯಲ್ಲಿ, ತನಗಿಂತ ಮೊದಲೇ ತೀರಿಕೊಂಡ ಸ್ನೇಹಿತ ಮೆಟ್ರೊಡೋರಸನ ಮಕ್ಕಳನ್ನು ನೋಡಿಕೋ ಎಂದು ಕೇಳಿಕೊಳ್ಳುತ್ತಾನೆ; ಉಯಿಲಿನಲ್ಲೂ ಆ ಮಕ್ಕಳ ಪಾಲನೆಗೆ ಏರ್ಪಾಡು ಮಾಡಿಟ್ಟಿದ್ದಾನೆ. ಮರಣ ನಮಗೆ ಏನೂ ಅಲ್ಲ ಎಂದು ಜೀವಮಾನವಿಡೀ ಕಲಿಸಿದವನಿಗೂ ತನ್ನ ಮರಣದ ನಂತರದ ಮಕ್ಕಳ ಚಿಂತೆ ಇತ್ತು, ಅದನ್ನು ಅವನು ಸ್ನೇಹಿತರ ಮಂಡಲಿಯ ಕೈಗೆ ಒಪ್ಪಿಸಿದ. "ಅಕ್ಕಾ, ನಿಮ್ಮ ಪ್ರಶ್ನೆಗೆ ಉತ್ತರ ಮನಸ್ಸಿನಲ್ಲಿಲ್ಲ, ಮಂಡಲಿಯಲ್ಲಿದೆ. ಅಂಥ ಮಂಡಲಿ ನಮ್ಮಲ್ಲಿ ಇದೆಯೋ ಇಲ್ಲವೋ ಎನ್ನುವುದು ನಾವೆಲ್ಲ ಉತ್ತರಿಸಬೇಕಾದ ಪ್ರಶ್ನೆ" ಎಂದು ಮಾಷ್ಟ್ರು ಹೇಳಿದರು. ಚರ್ಚೆ ಅಲ್ಲಿಂದ ಬುದ್ಧಿಮಾಂದ್ಯ ಮಕ್ಕಳಿಗಾಗಿರುವ ಪಂಚಾಯತಿನ ಬಡ್ಸ್ ಶಾಲೆಗಳಿಗೆ, ಪ್ರಾಯ ಮೀರಿದವರನ್ನು ಇರಿಸಿಕೊಳ್ಳುವ ವ್ಯವಸ್ಥೆಯ ಕೊರತೆಗೆ, ನೆರೆಹೊರೆಯವರು ಸರದಿಯಲ್ಲಿ ಏನು ಮಾಡಬಹುದು ಎನ್ನುವುದಕ್ಕೆ ಹರಿಯಿತು. ಆ ಸಂಜೆ ದರ್ಶನದ ಪಾಠ ಊರಿನ ಕೆಲಸಕ್ಕೆ ತಾನಾಗಿಯೇ ತಿರುಗಿಕೊಂಡಿತು. ಇಡೀ ಸರಣಿಯ ಶುಲ್ಕಕ್ಕೆ ಆ ಒಂದು ಸಂಜೆಯೇ ಸಾಕು ಎಂದು ನಾನು ಹೇಳುತ್ತೇನೆ.

ಸ್ಟೋಯಿಕರಿಗೆ ಈ ತರಗತಿಯಲ್ಲಿ ಪೂರ್ಣ ನ್ಯಾಯ ಸಿಕ್ಕಲಿಲ್ಲ ಎಂಬುದನ್ನೂ ಹೇಳಬೇಕು. ಎಪಿಕ್ಟೀಟಸನಿಗೆ ಅವರನ್ನು ಸೀಮಿತಗೊಳಿಸಿದ್ದರಿಂದ ಅವರು ಬರೀ ಮನಸ್ಸನ್ನು ಗಟ್ಟಿಮಾಡಿಕೊಳ್ಳುವವರಂತೆ ಕಂಡರು. ಎರಡನೆಯ ಶತಮಾನದ ಹೈರೊಕ್ಲೀಸ್ ಎಂಬ ಸ್ಟೋಯಿಕ, ಪ್ರತಿಯೊಬ್ಬನ ಸುತ್ತಲೂ ದೇಹ, ಕುಟುಂಬ, ಬಂಧುಗಳು, ಊರು, ದೇಶ, ಮನುಕುಲ ಎಂದು ಒಂದರಾಚೆ ಒಂದು ವೃತ್ತಗಳಿವೆ ಎಂದೂ, ಹೊರಗಿನ ವೃತ್ತದವರನ್ನು ಒಳಗಿನವರಂತೆ ಹತ್ತಿರಕ್ಕೆ ಎಳೆದುಕೊಳ್ಳುವುದು ನಮ್ಮ ಕರ್ತವ್ಯ ಎಂದೂ ಬರೆದಿದ್ದಾನೆ. ಆ ತಾಯಿಯ ಪ್ರಶ್ನೆಗೆ ಸ್ಟೋಯಿಕರ ಮನೆಯೊಳಗಿನಿಂದಲೇ ಕೊಡಬಹುದಾಗಿದ್ದ ಉತ್ತರ ಇದು. ಮುಂದಿನ ಸಲ ಇದನ್ನು ಸೇರಿಸಿಕೊಳ್ಳಬೇಕು.

ಇಂಗ್ಲಿಷ್ ದಾರ್ಶನಿಕ ಬೆಂಥಮ್ ಸುಖವನ್ನು ತೀವ್ರತೆ, ಅವಧಿ, ಖಚಿತತೆ ಮೊದಲಾದ ಏಳು ಅಳತೆಗಳಿಂದ ಲೆಕ್ಕಹಾಕುವ ಕ್ರಮವನ್ನು ಮಾಷ್ಟ್ರು ಬೇಗ ಮುಗಿಸಿದರು, ಅಷ್ಟು ಸಾಕಿತ್ತು. ಜಾನ್ ಸ್ಟೂವರ್ಟ್ ಮಿಲ್‌ನ ಬಗ್ಗೆ ಹೇಳಿದ್ದು ಹೆಚ್ಚು ನಾಟಿತು. ಬೆಂಥಮ್‌ನ ಲೆಕ್ಕದಲ್ಲೇ ಬೆಳೆಸಲ್ಪಟ್ಟ ಈ ಹುಡುಗ 1826ರಲ್ಲಿ, ಇಪ್ಪತ್ತರ ಪ್ರಾಯದಲ್ಲಿ, ಸಮಾಜದಲ್ಲಿ ತಾನು ಬಯಸಿದ ಸುಧಾರಣೆಗಳೆಲ್ಲ ಈ ಕ್ಷಣವೇ ಆಗಿಬಿಟ್ಟರೆ ತಾನು ಸುಖಿಯಾಗುವೆನೇ ಎಂದು ತನ್ನನ್ನೇ ಕೇಳಿಕೊಂಡ. ಇಲ್ಲ ಎಂಬ ಉತ್ತರ ಬಂತು. ಅಲ್ಲಿಂದ ಹಿಡಿದ ಖಿನ್ನತೆಯಿಂದ ಹೊರಬರುವಾಗ ಅವನು ಕಂಡುಕೊಂಡದ್ದು, ಸುಖವನ್ನೇ ನೇರ ಗುರಿಯಾಗಿಸಿಕೊಂಡರೆ ಅದು ಸಿಕ್ಕದು, ಬೇರೊಂದು ಗುರಿಯಲ್ಲಿ ಮನಸ್ಸಿಟ್ಟವನಿಗೆ ಅದು ದಾರಿಯಲ್ಲಿ ಸಿಗುತ್ತದೆ ಎಂದು. ತರಗತಿಯಲ್ಲಿದ್ದ ಕಾಲೇಜು ಹುಡುಗರು ಅತಿ ಹೆಚ್ಚು ಪ್ರಶ್ನೆ ಕೇಳಿದ್ದು ಈ ಪಾಠದಲ್ಲಿ.

ಅವರಿಗಾಗಿಯೇ ಎಂಬಂತೆ ಮುಂದೆ ಬಂದದ್ದು 1974ರಲ್ಲಿ ಅಮೆರಿಕದ ದಾರ್ಶನಿಕ ರಾಬರ್ಟ್ ನೋಜಿಕ್ ಮುಂದಿಟ್ಟ ಅನುಭವಯಂತ್ರದ ಪ್ರಶ್ನೆ. ನಿಮಗೆ ಬೇಕಾದ ಯಾವುದೇ ಅನುಭವವನ್ನು ನಿಜವೆಂಬಂತೆಯೇ ಕೊಡುವ ಒಂದು ಯಂತ್ರವಿದೆ. ಜೀವಮಾನವಿಡೀ ಅದರೊಳಗೆ ಇರಲು ಒಪ್ಪುತ್ತೀರಾ? ಒಪ್ಪದಿದ್ದರೆ, ಅನಿಸಿಕೆಯ ಹೊರಗೆ ನಿಮಗೆ ಇನ್ನೇನೋ ಬೇಕು ಎಂದಾಯಿತು. ಇದನ್ನು ಕಠೋಪನಿಷತ್ತಿನ ನಚಿಕೇತನ ಪಕ್ಕದಲ್ಲಿಟ್ಟದ್ದು ಬಹಳ ಸೊಗಸಾಗಿತ್ತು. ಯಮ ಆ ಹುಡುಗನಿಗೆ ನೂರು ವರ್ಷ ಬಾಳುವ ಮಕ್ಕಳುಮೊಮ್ಮಕ್ಕಳು, ಆನೆ ಕುದುರೆ, ಬಂಗಾರ, ರಥವೇರಿದ ಅಪ್ಸರೆಯರನ್ನು ಕೊಡುತ್ತೇನೆ, ಸಾವಿನ ರಹಸ್ಯವೊಂದನ್ನು ಕೇಳಬೇಡ ಎನ್ನುತ್ತಾನೆ. ಮನುಷ್ಯನನ್ನು ಹಣದಿಂದ ತಣಿಸಲಾಗದು ಎಂದು ನಚಿಕೇತ ಅಷ್ಟನ್ನೂ ಹಿಂದಿರುಗಿಸುತ್ತಾನೆ. ಅವನಿಗೆ ಬೇಕಾದದ್ದು ಸತ್ಯ. ಅದು ಹಿತವಾಗಿರಲಿ, ಇಲ್ಲದಿರಲಿ, ತಿಳಿಯಬೇಕು. ಆಮೇಲೆ ಯಮ ಹೇಳುವ ಶ್ರೇಯಸ್ಸು (ಒಳಿತು) ಮತ್ತು ಪ್ರೇಯಸ್ಸಿನ (ಪ್ರಿಯವಾದುದರ) ವಿವೇಚನೆ ಮಾಷ್ಟ್ರ ಹಲಗೆಯ ಎರಡು ಪ್ರಶ್ನೆಗಳಿಗೆ ಎಷ್ಟು ಹತ್ತಿರವಾಗಿದೆ ಎಂಬುದು ಯಾರೂ ಹೇಳದೆ ಎಲ್ಲರಿಗೂ ಹೊಳೆಯಿತು.

ಕೊರತೆಗಳಲ್ಲಿ ಮೊದಲನೆಯದು ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್ ಅವರ ವಿಚಾರಕ್ಕೆ ಕೊನೆಯ ಸಂಜೆಯ ಕೊನೆಯ ಭಾಗವಷ್ಟೇ ಸಿಕ್ಕಿದ್ದು. ಬಹುಕಾಲ ಕಷ್ಟದಲ್ಲಿ ಬದುಕಿದವರು ತಮ್ಮ ಆಸೆಗಳನ್ನೇ ಕುಗ್ಗಿಸಿಕೊಂಡು, ಸಿಕ್ಕಿದ್ದಕ್ಕೆ ತೃಪ್ತರಾಗಿ ಕಾಣುತ್ತಾರೆ. ಆದ್ದರಿಂದ ತೃಪ್ತಿಯೊಂದನ್ನೇ ಅಳೆದರೆ ಅವರಿಗಾದ ಅನ್ಯಾಯ ಲೆಕ್ಕಕ್ಕೇ ಬರುವುದಿಲ್ಲ ಎನ್ನುವುದು ಸೇನ್ ಅವರ ಮುಖ್ಯ ಎಚ್ಚರಿಕೆ. ಒಬ್ಬ ವ್ಯಕ್ತಿ ನಿಜವಾಗಿ ಏನು ಮಾಡಬಲ್ಲ, ಏನಾಗಬಲ್ಲ ಎಂಬ ಸಾಮರ್ಥ್ಯವನ್ನು ನೋಡಬೇಕು ಎನ್ನುವ ಅವರ ವಾದ, ಹಿಂದೆ ಹೇಳಿದ ತಾಯಿಯ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದ್ದು. ಲಕ್ಕಮ್ಮ ತಾನಾಗಿ ಆರಿಸಿಕೊಂಡ ಮಿತಿಗೂ, ಬಡತನ ಒಬ್ಬರ ಮೇಲೆ ಹೇರಿದ ಮಿತಿಗೂ ಇರುವ ಅಂತರವನ್ನು ಹೇಳಲು ಇದೇ ಸರಿಯಾದ ಜಾಗವಾಗಿತ್ತು. ಅದು ಆಗಲಿಲ್ಲ. ಬುದ್ಧನಿಗೂ ಅನ್ಯಾಯವಾಯಿತು, ನಾಲ್ಕು ಆರ್ಯಸತ್ಯಗಳನ್ನು ಪಟ್ಟಿಯಂತೆ ಓದಿ ಮುಗಿಸಿದರು. ಬುದ್ಧನ ಕೊನೆಯ ದಿನವನ್ನು ಕುರಿತು ಕಾವ್ಯ ಬರೆದ ಗೋವಿಂದ ಪೈಗಳು ಬಾಳಿದ ಮಂಜೇಶ್ವರ ಇರುವುದು ಇದೇ ಜಿಲ್ಲೆಯಲ್ಲಿ, ಅಲ್ಲಿಂದಲೇ ಆರಂಭಿಸಬಹುದಿತ್ತು.

ಟಿಪ್ಪಣಿಗಳ ಭಾಷೆ ಬಿಗಿಯಾಯಿತು. ಮಾತಿನಲ್ಲಿ ತಿಳಿಯಾಗಿ ಹೇಳುವ ಮಾಷ್ಟ್ರು ಬರೆಯುವಾಗ ಸಮಾಸಗಳ ಮೇಲೆ ಸಮಾಸ ಕಟ್ಟುತ್ತಾರೆ. ಮಲಯಾಳಂ ಮಾಧ್ಯಮದಲ್ಲಿ ಓದಿ, ಮನೆಯಲ್ಲಿ ತುಳು ಆಡುವ ನಮ್ಮ ಮಕ್ಕಳು ಆ ಪುಟಗಳನ್ನು ಮುಂದೆ ತೆರೆದು ಓದುವುದು ಕಷ್ಟ. ಅವರಲ್ಲಿ ಕನ್ನಡ ಉಳಿಯಬೇಕೆಂಬ ಆಸೆ ಇರುವವರು ಈ ವಿಚಾರದಲ್ಲಿ ಉದಾಸೀನ ಮಾಡಬಾರದು. ಕಟ್ಟಡದ ಬಗ್ಗೆ ಹೆಚ್ಚು ಹೇಳುವುದಿಲ್ಲ: ಬೆಂಚುಗಳು ಗಟ್ಟಿಯಾಗಿವೆ, ಬೆಳಕು ಸಾಕಷ್ಟಿದೆ, ಮಳೆ ಜೋರಾದರೆ ಶೀಟಿನ ಸದ್ದಿಗೆ ಪಾಠ ನಿಲ್ಲಿಸಬೇಕಾಗುತ್ತದೆ.

ಸಮಯದ ವಿಚಾರ ಮಾತ್ರ ಗಂಭೀರ. ಪಾಠ ಸಂಜೆ 5ಕ್ಕೆ ಆರಂಭವಾಗಿ 7ರವರೆಗೆ ನಡೆಯುತ್ತದೆ. ಆರೂವರೆಯ ಹೊತ್ತಿಗೆ ಬರುವ ಬಸ್ಸು ತಪ್ಪಿದರೆ ಒಳದಾರಿಯ ಊರುಗಳಿಗೆ ಮತ್ತೆ ವಾಹನವಿಲ್ಲ. ಬೈಕಿರುವ ಗಂಡಸರು ಕೊನೆಯವರೆಗೆ ಕೂತು ಚರ್ಚಿಸುತ್ತಾರೆ; ಹೆಂಗಸರು ಚರ್ಚೆ ಬಿಸಿಯೇರುವ ಹೊತ್ತಿಗೆ ಚೀಲ ಹಿಡಿದು ಎದ್ದು ಹೋಗಬೇಕಾಗುತ್ತದೆ. ಇಡೀ ಸರಣಿಯ ಅತ್ಯುತ್ತಮ ಪ್ರಶ್ನೆಯನ್ನು ಕೇಳಿದ ಆ ತಾಯಿ ಸೇನ್ ಅವರ ಪಾಠ ಆರಂಭವಾಗುವ ಮೊದಲೇ ಹೊರಟಿದ್ದರು.

ಪರೀಕ್ಷೆಗೆ ಅಂಕ ಬೇಕಾದವರಿಗೆ ಈ ತರಗತಿಯಿಂದ ಪ್ರಯೋಜನವಿಲ್ಲ. ಮನಸ್ಸಿಗೆ ತೀರಾ ಬೇಸರ ಹಿಡಿದು ನಿದ್ದೆ ಊಟ ಬಿಟ್ಟವರು ಮೊದಲು ವೈದ್ಯರಲ್ಲಿಗೆ ಹೋಗಬೇಕು, ಇಲ್ಲಿಗಲ್ಲ. ಬದುಕಿನ ಬಗ್ಗೆ ಬಿಡದೆ ಯೋಚಿಸುವವರು, ತಾಳಮದ್ದಳೆಯಲ್ಲಿ ಅರ್ಥ ಕೇಳಿ ತಲೆದೂಗುವವರು, ಮುಂದೇನು ಓದಬೇಕೆಂದು ತಿಳಿಯದ ಡಿಗ್ರಿ ಮಕ್ಕಳು, ಇಡೀ ದಿನ ಇನ್ನೊಬ್ಬರ ಸೇವೆಯಲ್ಲೇ ಕಳೆಯುವ ಹೆಂಗಸರು ಖಂಡಿತ ಸೇರಬೇಕು. ವಾಚನಾಲಯದವರಲ್ಲಿ ನನ್ನ ವಿನಂತಿ ಇಷ್ಟೇ: ಮುಂದಿನ ಸರಣಿಯನ್ನು ಆದಿತ್ಯವಾರ ಬೆಳಗ್ಗೆ ಇಟ್ಟುಕೊಳ್ಳಿ, ಸೇನ್ ಅವರ ವಿಚಾರಕ್ಕೆ ಪೂರ್ತಿ ಎರಡು ದಿನ ಕೊಡಿ, ಮತ್ತು ಮನೆಯಲ್ಲಿ ಬಿಟ್ಟು ಬರಲಾಗದ ರೋಗಿಗಳಿರುವವರು ಬಂದು ಕೂರುವಂತಾಗಲು ಆ ಹೊತ್ತಿಗೆ ಅವರ ಮನೆಯಲ್ಲಿ ಸರದಿಯಂತೆ ನಿಲ್ಲುವವರ ಒಂದು ಪಟ್ಟಿಯನ್ನು ಈಗಲೇ ಮಾಡಿಡಿ. ಆ ಪಟ್ಟಿಗೆ ನನ್ನ ಹೆಸರನ್ನು ಕೊಟ್ಟಿದ್ದೇನೆ.